ಕಂಪ್ಯೂಟರಿನಲ್ಲಿ ಫೈಲಿನ ಹಾದಿ

ವರ್ಷಕ್ಕೊಮ್ಮೆ ಹೊರಡುವ ಈ ಸಂಚಿಕೆಗಾಗಿ ತರಗತಿಯಲ್ಲಿ ನಡೆದ ಪಾಠವೊಂದನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ ನಾವು ಹೆಚ್ಚು ಯೋಚಿಸದೆ ಈ ವಿಷಯವನ್ನು ಆರಿಸಿಕೊಂಡೆವು. ಶೀರ್ಷಿಕೆಯನ್ನು ನೋಡಿ, ಇದು ಕಂಪ್ಯೂಟರು ಕಲಿತವರಿಗೆ ಮಾತ್ರ ಸಂಬಂಧಪಟ್ಟುದೆಂದು ಪುಟವನ್ನು ಮಗುಚಿಹಾಕಬೇಡಿರಿ. ಕಾಗುಣಿತ ಬಲ್ಲವರಿಗೆಲ್ಲ ಇದರಲ್ಲಿ ಕೆಲಸವುಂಟು. ಅದು ಹೇಗೆಂಬುದು ಮುಂದೆ ತಿಳಿದುಬರುವುದು. ಇದಲ್ಲದೆ ನಮ್ಮಿಂದ ನಡೆದುಹೋದ ಒಂದು ತಪ್ಪೂ ಈ ಪಾಠದೊಳಗೆ ಸೇರಿಕೊಂಡಿದೆ. ಅದನ್ನು ನಮ್ಮ ಕೈಯಿಂದಲೇ ಬರೆದಿಡುವುದು ನ್ಯಾಯವೆಂದು ತೋರಿತು.

ನಮ್ಮ ಶಾಲೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದಲೂ ಬಾಲಿಕೆಯರು ಬರುತ್ತಾರೆ. ಒಂಬತ್ತನೆಯ ತರಗತಿಯವರು ಶಾಲೆಯ ವಸ್ತುಪ್ರದರ್ಶನಕ್ಕೆಂದು ‘ನಮ್ಮ ನಾಲ್ಕು ತಾಲ್ಲೂಕುಗಳು’ ಎಂಬ ಸಣ್ಣ ತಂತ್ರಾಂಶವೊಂದನ್ನು ಮಾಡತೊಡಗಿದರು. ಹೋಬಳಿಗೆ ಒಂದರಂತೆ ಪುಟ. ಮಧುಗಿರಿಗೆ ಆರು, ಶಿರಾಕ್ಕೆ ಐದು, ಕೊರಟಗೆರೆಗೆ ನಾಲ್ಕು, ಪಾವಗಡಕ್ಕೆ ನಾಲ್ಕು, ಒಟ್ಟು ೧೯. ಒಬ್ಬಳು ಮಧುಗಿರಿಯ ಏಕಶಿಲೆಯ ಬೆಟ್ಟವನ್ನೂ ಅದರ ಮೇಲಣ ಕೋಟೆಯನ್ನೂ ವರ್ಣಿಸಿದಳು. ಇನ್ನೊಬ್ಬಳು ನಿಡಗಲ್ಲಿನ ದುರ್ಗವನ್ನು. ಮತ್ತೊಬ್ಬಳು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ವರ್ಷವರ್ಷವೂ ಬಂದು ಮರಗಳಲ್ಲಿ ಗೂಡುಕಟ್ಟುವ ಕೊಕ್ಕರೆಗಳನ್ನು. ಹೋಬಳಿಗೊಂದು ಫೋಲ್ಡರು; ಆ ಫೋಲ್ಡರುಗಳೆಲ್ಲ ಆಯಾ ತಾಲ್ಲೂಕಿನ ಫೋಲ್ಡರಿನೊಳಗೆ. ಹೀಗೆ ಚದುರಿರುವ ಬರಹ, ಚಿತ್ರ, ಸೂಚನೆಗಳನ್ನೆಲ್ಲ ಹೊಂದಿಸಿ ಒಂದೇ ತಂತ್ರಾಂಶವಾಗಿ ಕಟ್ಟಿಕೊಡುವುದಕ್ಕೆ ಬಿಲ್ಡ್ ಸಾಧನವೆಂಬುದು ಬೇಕು.

ಬಿಲ್ಡ್ ಸಾಧನವೆಂದರೇನು? ನಮ್ಮ ವಿದ್ಯಾರ್ಥಿನಿ ನಿಲಯದ ಅಡಿಗೆಮನೆಯನ್ನು ನೆನೆಯಿರಿ. ಊಟಕ್ಕೆ ಮುದ್ದೆ ಮತ್ತು ಸಾರು, ಸಾರಿಗೆ ಬೆಂದ ಬೇಳೆ ಮತ್ತು ಅರೆದ ಖಾರ, ಮುದ್ದೆಗೆ ಹಿಟ್ಟು, ಹಿಟ್ಟಿಗೆ ರಾಗಿ. ಯಾವುದಕ್ಕೆ ಯಾವುದು ಬೇಕೆಂಬುದು ಅಡಿಗೆಯವರ ಮನಸ್ಸಿನಲ್ಲಿಯೇ ಇರುತ್ತದೆ. ಬೇಳೆ ಆಗಲೇ ಬೆಂದಿದ್ದರೆ ಅದನ್ನು ಎರಡನೆಯ ಸಲ ಒಲೆಯ ಮೇಲಿಡುವುದಿಲ್ಲ. ಹಿಟ್ಟು ಮುಗಿದಿದ್ದರೆ ಮಾತ್ರ ರಾಗಿಯನ್ನು ಗಿರಣಿಗೆ ಕಳುಹಿಸುವರು. ಬಿಲ್ಡ್ ಸಾಧನದ ಕೆಲಸವೂ ಇದೇ. ಯಾವ ಫೈಲಿನಿಂದ ಯಾವುದು ಆಗಬೇಕೆಂಬ ಪಟ್ಟಿಯನ್ನು ನೋಡಿ, ಹೊಸದಾಗಿ ತಿದ್ದಿದ ಭಾಗವನ್ನು ಮಾತ್ರ ಮತ್ತೆ ಸಿದ್ಧಪಡಿಸಿ, ಎಲ್ಲವನ್ನೂ ಸೇರಿಸಿಕೊಡುವುದು. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ೧೯೭೬ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ರಚಿಸಿದ ‘ಮೇಕ್’ ಎಂಬ ಸಾಧನವು ಈ ಜಾತಿಯಲ್ಲಿ ಹಿರಿಯದು, ಇಂದಿಗೂ ಬಳಕೆಯಲ್ಲಿದೆ. ಆದರೆ ಬೇಳೆಯ ಡಬ್ಬಿ ಎಲ್ಲಿದೆಯೆಂಬುದು ಅಡಿಗೆಯವರಿಗೆ ತಿಳಿಯದಿದ್ದರೆ ಸಾರಾಗುವುದು ಹೇಗೆ? ಅಂತೆಯೇ ಪ್ರತಿಯೊಂದು ಫೈಲೂ ಎಲ್ಲಿದೆಯೆಂಬುದನ್ನು ಸಾಧನಕ್ಕೆ ಹೇಳಬೇಕು. ಹಾಗೆ ಹೇಳುವ ಮಾತಿಗೇ ಫೈಲಿನ ಹಾದಿ ಎಂದು ಹೆಸರು. ಕಂಪ್ಯೂಟರಿನವರು ಪಾತ್ ಎನ್ನುವರು.

ಅಂಚೆಯ ಲಕೋಟೆಯ ಮೇಲೆ ನಾವು ಮೊದಲು ಮನೆ, ಆಮೇಲೆ ಬೀದಿ, ಊರು, ತಾಲ್ಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಕಂಪ್ಯೂಟರು ಇದನ್ನೇ ತಿರುಗಿಸಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವುದು: ಕರ್ನಾಟಕ/ತುಮಕೂರು/ಪಾವಗಡ/ನಿಡಗಲ್. ಹೀಗೆ ಬುಡದಿಂದ ಆರಂಭಿಸಿ ಬರೆದುದು ಪೂರ್ಣ ಹಾದಿ. ನೀವು ಈಗಾಗಲೇ ಪಾವಗಡದೊಳಗೆ ನಿಂತಿದ್ದರೆ ‘ನಿಡಗಲ್’ ಎಂದಷ್ಟೇ ಹೇಳಿದರೂ ಸಾಕು. ಇದು ಸಾಪೇಕ್ಷ ಹಾದಿ. ಊರಿನವಳಿಗೆ ‘ಅರಳಿಕಟ್ಟೆಯಿಂದ ಎರಡನೆಯ ಮನೆ’ ಎಂದರೆ ತಿಳಿಯುವುದು, ಪರವೂರಿನವಳಿಗೆ ತಿಳಿಯುವುದಿಲ್ಲ. ಆದರೂ ತಂತ್ರಾಂಶ ಕಟ್ಟುವವರಿಗೆ ಹೆಚ್ಚು ಉಪಕಾರಿಯಾದುದು ಎರಡನೆಯದೇ. ಏಕೆಂದರೆ ಇಡೀ ಗಂಟನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಬುಡವು ಬದಲಾದರೂ ಒಳಗಣ ಅರಳಿಕಟ್ಟೆಯೂ ಮನೆಯೂ ಹಾಗೆಯೇ ಇರುತ್ತವೆ.

ಬುಡ ಬದಲಾಗುವುದೆಂದರೆ ಏನೆಂಬುದನ್ನು ನಮ್ಮ ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಕಂದಾಯ ಇಲಾಖೆಯ ಕಾಗದಗಳಲ್ಲಿ ಪಾವಗಡವು ತುಮಕೂರು ಜಿಲ್ಲೆಯ ತಾಲ್ಲೂಕು. ಶಿಕ್ಷಣ ಇಲಾಖೆಯ ಕಾಗದಗಳಲ್ಲಿಯೋ ಅದು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದುದು. ಈ ಶೈಕ್ಷಣಿಕ ಜಿಲ್ಲೆಯಲ್ಲಿ ಇರುವುವು ನಮ್ಮ ಈ ನಾಲ್ಕೇ ತಾಲ್ಲೂಕುಗಳು. ಆದಕಾರಣ ತುಮಕೂರು/ಪಾವಗಡ ಎಂಬುದೂ ಸರಿ, ಮಧುಗಿರಿ/ಪಾವಗಡ ಎಂಬುದೂ ಸರಿ. ಊರು ಒಂದೇ, ಹಾದಿ ಎರಡು. ರಾಜ್ಯದ ಕಂದಾಯ ಜಿಲ್ಲೆಗಳು ೩೧, ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶದಲ್ಲಿ ಕಾಣುವ ಜಿಲ್ಲೆಗಳು ೩೫ ಆಗಿರುವುದಕ್ಕೆ ಕಾರಣವೂ ಇದೇ. ಒಂದು ಇಲಾಖೆಯ ಪಟ್ಟಿಯನ್ನು ಹಿಡಿದು ಇನ್ನೊಂದು ಇಲಾಖೆಯ ಕಪಾಟಿನಲ್ಲಿ ಹುಡುಕಿದರೆ ಪಾವಗಡ ಸಿಕ್ಕಲಾರದು. ಇನ್ನು ನೆಲದ ಮೇಲಣ ಹಾದಿಯನ್ನೇ ತೆಗೆದುಕೊಂಡರೂ, ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುವೆ ಆಂಧ್ರಪ್ರದೇಶದ ನೆಲವನ್ನು ದಾಟಿಯೇ ಹೋಗಬೇಕು. ಅಷ್ಟು ದೂರ ಅಂಗಡಿಯ ಹಲಗೆಗಳ ಲಿಪಿ ಬೇರೆಯಾಗಿ, ಮತ್ತೆ ಕನ್ನಡವಾಗುತ್ತದೆ. ಒಂದೇ ತಂತ್ರಾಂಶವನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ಕಟ್ಟಬೇಕೆನ್ನುವವರ ಪ್ರಯಾಣ ಈ ಬಸ್ಸಿನದರಂತೆಯೇ ಇರುವುದು.

ಈ ವ್ಯವಸ್ಥೆಗಳೊಳಗಿನ ಮೊದಲನೆಯ ಭೇದವು ಒಂದು ಗೀಟಿನದು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಫೋಲ್ಡರುಗಳ ನಡುವೆ ಬಲಕ್ಕೆ ವಾಲಿದ ಗೀಟನ್ನು, ಎಂದರೆ ‘/’ ಎಂಬ ಸ್ಲ್ಯಾಶನ್ನು ಇಟ್ಟರು. ಲಿನಕ್ಸಿಗೂ ಈಗಿನ ಮ್ಯಾಕಿಗೂ ಇದೇ ಸಂಪ್ರದಾಯ. ಮೈಕ್ರೋಸಾಫ್ಟಿನ ಡಾಸ್ ವ್ಯವಸ್ಥೆಯು ೧೯೮೧ರಲ್ಲಿ ಹೊರಟಾಗ ಅದರಲ್ಲಿ ಫೋಲ್ಡರಿನೊಳಗೆ ಫೋಲ್ಡರು ಎಂಬ ಏರ್ಪಾಟೇ ಇರಲಿಲ್ಲ. ಬಲಕ್ಕೆ ವಾಲಿದ ಗೀಟನ್ನು ಆಜ್ಞೆಗಳಿಗೆ ಸೇರಿಸುವ ಸೂಚನೆಗಳ ಮುಂದೆ ಬಳಸುತ್ತಿದ್ದರು. ೧೯೮೩ರಲ್ಲಿ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಆ ಗೀಟು ಬೇರೊಂದು ಕೆಲಸದಲ್ಲಿ ತೊಡಗಿದ್ದುದರಿಂದ, ಎಡಕ್ಕೆ ವಾಲಿದ ‘\’ ಎಂಬ ಬ್ಯಾಕ್‌ಸ್ಲ್ಯಾಶನ್ನು ಗೊತ್ತುಮಾಡಿದರು. ವಿಂಡೋಸಿಗೆ ಇದು ಪಿತ್ರಾರ್ಜಿತವಾಗಿ ಬಂದಿದೆ. ಸಿ ಡ್ರೈವು, ಡಿ ಡ್ರೈವು ಎಂಬ ಅಕ್ಷರದ ಹೆಸರುಗಳೂ ಇನ್ನೂ ಹಿಂದಿನ ಸಿಪಿಎಂ ಎಂಬ ವ್ಯವಸ್ಥೆಯಿಂದ ಬಂದ ಸೊತ್ತು. ಹಳೆಯ ಮ್ಯಾಕಿನಲ್ಲಾದರೋ ಗೀಟೇ ಇರಲಿಲ್ಲ, ಎರಡು ಚುಕ್ಕೆ. ಯಾರೂ ಯಾರಿಗೂ ತೊಂದರೆ ಕೊಡಬೇಕೆಂದು ಇದನ್ನು ಮಾಡಲಿಲ್ಲ. ಆ ಕಾಲಕ್ಕೆ ಒಂದರ ಫೈಲು ಇನ್ನೊಂದಕ್ಕೆ ಹೋದೀತೆಂದು ಯೋಚಿಸಿದವರು ಕಡಿಮೆ.

ಎಡವಾಲಿನ ಗೀಟಿಗೆ ಇನ್ನೊಂದು ಚೇಷ್ಟೆಯುಂಟು. ಸಿ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಉದ್ಧರಣ ಚಿಹ್ನೆಗಳ ಒಳಗೆ ಈ ಗೀಟು ಬಂದರೆ, ಅದರ ಮುಂದಿನ ಅಕ್ಷರಕ್ಕೆ ವಿಶೇಷಾರ್ಥ ಬರುತ್ತದೆ. ಗೀಟಿನ ಮುಂದೆ ಇಂಗ್ಲಿಷಿನ ಸಣ್ಣ ‘ಟಿ’ ಬಂದರೆ ಅದು ಅಕ್ಷರವಲ್ಲ, ಉದ್ದನೆಯ ತೆರಪು. ‘ಎನ್’ ಬಂದರೆ ಹೊಸ ಸಾಲು. ‘ಬಿ’ ಬಂದರೆ ಒಂದು ಹೆಜ್ಜೆ ಹಿಂದಕ್ಕೆ. ನಮ್ಮ ಬಾಲಿಕೆಯರು ಮೊದಲು ಫೋಲ್ಡರುಗಳಿಗೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೆಸರಿಟ್ಟು, ವಿಂಡೋಸಿನ ಹಾದಿಯನ್ನು ಹಾಗೆಯೇ ನಕಲುಮಾಡಿದ್ದರು. ತುಮಕೂರಿನ ‘ಟಿ’ ತೆರಪಾಯಿತು; ನಿಡಗಲ್ ಮತ್ತು ನಾಗಲಮಡಿಕೆ ಎರಡು ಸಾಲಾಗಿ ಮುರಿದವು; ಬುಕ್ಕಾಪಟ್ಟಣ ತಲೆ ಕಳೆದುಕೊಂಡಿತು. ಮಧುಗಿರಿ, ಪಾವಗಡಗಳಿಗೆ ಮಾತ್ರ ಏನೂ ಆಗಲಿಲ್ಲ. ಕೆಲವು ಊರುಗಳಿಗೆ ಮಾತ್ರ ರೋಗ ಬರುವುದೇಕೆಂದು ತರಗತಿಯವರು ಎರಡು ದಿನ ತಲೆ ಕೆಡಿಸಿಕೊಂಡರು. ಈ ಮಾತನ್ನು ನೆನಪಿನಲ್ಲಿಡಿರಿ. ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಮತ್ತೆ ಬರುವುದು.

ಇದಕ್ಕೆ ಪರಿಹಾರವು ಗೀಟನ್ನು ಕೈಯಿಂದ ಬರೆಯದೆ ಇರುವುದೇ. ಹಾದಿಯೆಂಬುದನ್ನು ಒಂದು ಉದ್ದನೆಯ ಪದವೆಂದು ಭಾವಿಸಬಾರದು. ಬಿಡಿ ಹೆಸರುಗಳ ಒಂದು ಸರವೆಂದು ಭಾವಿಸಬೇಕು. ‘ತುಮಕೂರು’, ‘ಪಾವಗಡ’, ‘ನಿಡಗಲ್’ ಎಂಬ ಮೂರು ಮಣಿಗಳನ್ನು ಸಾಧನದ ಕೈಗೆ ಕೊಟ್ಟು, ‘ಈ ಕಂಪ್ಯೂಟರಿನ ಪದ್ಧತಿಯಂತೆ ಪೋಣಿಸು’ ಎಂದು ಹೇಳಿದರೆ, ವಿಂಡೋಸಿನಲ್ಲಿ ಎಡವಾಲಿನ ದಾರವನ್ನೂ ಲಿನಕ್ಸಿನಲ್ಲಿ ಬಲವಾಲಿನ ದಾರವನ್ನೂ ಅದೇ ಹಾಕಿಕೊಳ್ಳುತ್ತದೆ. ಪೈಥಾನಿನಲ್ಲಿ ಇದಕ್ಕಾಗಿ ‘ಪಾತ್‌ಲಿಬ್’ ಎಂಬ ಭಾಗವು ೨೦೧೪ರಿಂದ ಇದೆ. ಜಾವಾ ಮೊದಲಾದ ಭಾಷೆಗಳಲ್ಲಿಯೂ ಇದಕ್ಕೆ ಸಮಾನವಾದುದುಂಟು. ೨೦೦೦ದಲ್ಲಿ ಹೊರಟ ‘ಸಿಮೇಕ್’ ಎಂಬ ಬಿಲ್ಡ್ ಸಾಧನವು ಇನ್ನೊಂದು ಉಪಾಯವನ್ನು ಹಿಡಿಯಿತು: ತನ್ನೊಳಗೆಲ್ಲ ಬಲವಾಲಿನ ಗೀಟನ್ನೇ ಇಟ್ಟುಕೊಂಡು, ಹೊರಗಿನವರಿಗೆ ಕೊಡುವಾಗ ಮಾತ್ರ ಅವರ ರೂಪಕ್ಕೆ ತಿರುಗಿಸುವುದು. ನಮಗೆ ಈ ಎರಡನೆಯ ಕ್ರಮ ಹೆಚ್ಚು ಹಿಡಿಸಿತು. ಮನೆಯೊಳಗೆ ಒಂದೇ ಮಾತು, ಬಾಗಿಲಲ್ಲಿ ಮಾತ್ರ ಭಾಷಾಂತರ.

ಭಾಷಾಂತರವನ್ನು ಅತಿಯಾಗಿ ಮಾಡುವವರೂ ಇದ್ದಾರೆ. ವಿಂಡೋಸಿನ ಮೇಲೆ ಯೂನಿಕ್ಸಿನ ವಾತಾವರಣವನ್ನು ಒದಗಿಸುವ ‘ಎಮ್‌ಸಿಸ್’ ಎಂಬುದು, ಗೀಟಿನಿಂದ ಆರಂಭವಾದ ಮಾತನ್ನೆಲ್ಲ ಹಾದಿಯೆಂದು ತಿಳಿದು ತಾನಾಗಿಯೇ ಬದಲಾಯಿಸುತ್ತದೆ. ಆಜ್ಞೆಗೆ ಸೂಚನೆಯಾಗಿ ‘/ಸಿ’ ಎಂದು ಕೊಟ್ಟರೆ ಅದು ಸಿ ಡ್ರೈವಿನ ವಿಳಾಸವಾಗಿಬಿಡುವುದು. ಕೇಳದೆ ಉಪಕಾರ ಮಾಡುವ ನೆಂಟರು ಎಲ್ಲ ಮನೆಗಳಲ್ಲಿಯೂ ಇರುವರಷ್ಟೆ.

ತೆರಪಿನ ವಿಷಯವನ್ನೂ ಹೇಳಬೇಕು. ಹಿರಿಯದಾದ ಮೇಕ್ ಸಾಧನವು ತೆರಪನ್ನು ಕಂಡಲ್ಲೆಲ್ಲ ಒಂದು ಹೆಸರು ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಯುತ್ತದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ನಮಗೆಲ್ಲ ಒಂದೇ ಊರು; ಮೇಕಿಗೆ ಮಾತ್ರ ‘ವೈ.ಎನ್.’ ಎಂಬುದೊಂದು, ‘ಹೊಸಕೋಟೆ’ ಎಂಬುದು ಇನ್ನೊಂದು. ಆ ಫೋಲ್ಡರಿಗೆ ‘ಹೊಸಕೋಟೆ’ ಎಂದಷ್ಟೇ ಹೆಸರಿಟ್ಟು ನಾವು ಪಾರಾದೆವು. ಹಾಗೆಯೇ, ಒಬ್ಬ ಬಾಲಿಕೆ ‘ನಮ್ಮ ಊರಿಗೆ ಈ ಹೆಸರು ಹೇಗೆ ಬಂತು?’ ಎಂದು ಪ್ರಶ್ನಾರ್ಥಕ ಚಿಹ್ನೆ ಸಹಿತವಾಗಿ ಫೈಲಿಗೆ ಹೆಸರಿಟ್ಟಿದ್ದಳು. ಉಬುಂಟು ಒಪ್ಪಿತು, ಪ್ರಶ್ನೆಯ ಚಿಹ್ನೆ, ನಕ್ಷತ್ರ, ಎರಡು ಚುಕ್ಕೆ, ಉದ್ಧರಣ ಚಿಹ್ನೆ ಇವುಗಳನ್ನು ವಿಂಡೋಸು ಹೆಸರಿನಲ್ಲಿ ಸೇರಿಸಗೊಡುವುದಿಲ್ಲ. ಶಿರಾ ಎಂಬುದನ್ನು ಇಂಗ್ಲಿಷಿನಲ್ಲಿ ದೊಡ್ಡ ‘ಎಸ್’ನಿಂದ ಬರೆದರೂ ಸಣ್ಣ ‘ಎಸ್’ನಿಂದ ಬರೆದರೂ ವಿಂಡೋಸಿಗೆ ಸಾಮಾನ್ಯವಾಗಿ ಒಂದೇ, ಲಿನಕ್ಸಿಗೆ ಎರಡು ಬೇರೆ ಊರು. ತುಮಕೂರಿನ ಇಂಗ್ಲಿಷ್ ಕಾಗುಣಿತವು ೨೦೧೪ರ ನವೆಂಬರ್ ೧ರಂದು ಬದಲಾದ ಮೇಲೆ, ಹಳೆಯ ಕಾಗುಣಿತದ ಹಾದಿಯನ್ನು ನೇರವಾಗಿ ಬರೆದಿಟ್ಟವರಿಗೆ ಏನಾಗಿರಬಹುದೆಂಬುದನ್ನು ಊಹಿಸಿಕೊಳ್ಳಿರಿ.

ಇಷ್ಟೆಲ್ಲ ಪೀಡೆಗಳಿಂದ ಬೇಸತ್ತು ತರಗತಿಯವರು ಒಂದು ತೀರ್ಮಾನಕ್ಕೆ ಬಂದರು: ಫೋಲ್ಡರುಗಳ ಹೆಸರುಗಳನ್ನು ಕನ್ನಡದಲ್ಲಿಯೇ ಇಡತಕ್ಕದ್ದು. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಗೀಟಿನ ಮುಂದೆ ಬಂದರೆ ವಿಶೇಷಾರ್ಥವಿಲ್ಲ, ಕಾಗುಣಿತ ಬದಲಾಗಿಲ್ಲ. ನಾವೂ ಸಂತೋಷದಿಂದ ಒಪ್ಪಿದೆವು. ಹೊಸ ಹೆಸರುಗಳೊಡನೆ ತಂತ್ರಾಂಶವು ವಿಂಡೋಸಿನಲ್ಲಿಯೂ ಉಬುಂಟುವಿನಲ್ಲಿಯೂ ಲೋಪವಿಲ್ಲದೆ ಕಟ್ಟಲ್ಪಟ್ಟಿತು.

ಪ್ರದರ್ಶನಕ್ಕೆ ನಾಲ್ಕು ದಿನಗಳಿರುವಾಗ, ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಚಿತ್ರಗಳನ್ನು ತಿದ್ದಿಕೊಡುವುದಾಗಿ ಪ್ರೀತಿಯಿಂದ ಮುಂದೆ ಬಂದರು. ೧೯ ಫೋಲ್ಡರುಗಳನ್ನೂ ಅವರಿಗೆ ಕಳುಹಿಸಿದೆವು. ಎರಡು ದಿನಗಳಲ್ಲಿ ಅವು ಒಂದೇ ಜಿಪ್ ಕಟ್ಟಾಗಿ ಹಿಂದಿರುಗಿದವು. ಹಳೆಯವುಗಳನ್ನು ಅಳಿಸಿ ಹೊಸವನ್ನು ಉಬುಂಟು ಕಂಪ್ಯೂಟರಿನಲ್ಲಿ ಇಟ್ಟೆವು. ಪ್ರದರ್ಶನದ ಹಿಂದಿನ ಸಂಜೆ ಸಾಧನವನ್ನು ನಡೆಸಿದಾಗ ೧೧ ಪುಟಗಳು ಮಾತ್ರ ಬಂದವು. ಕೊರಟಗೆರೆಯದಂತೂ ಒಂದೂ ಇಲ್ಲ. ಅಂತಹ ಫೋಲ್ಡರೇ ಇಲ್ಲವೆಂದು ಸಾಧನವು ತಿಳಿಸಿತು.

ಕೊರಟಗೆರೆಯ ಪುಟಗಳ ಹೊಣೆಯನ್ನು ಹೊತ್ತಿದ್ದವಳು ನಿಲಯದಲ್ಲಿರುವ ಒಬ್ಬ ಬಾಲಿಕೆ. ಹಿಂದೆ ಒಂದೆರಡು ಸಲ ಬರಹವನ್ನು ತಡವಾಗಿ ಕೊಟ್ಟಿದ್ದಳು. ಆ ನೆನಪೇ ನಮ್ಮನ್ನು ಕೆಡಿಸಿತು. ಎಲ್ಲರೆದುರಿಗೂ ಅವಳನ್ನು ನಿಲ್ಲಿಸಿ, ಕೊಡದೆಯೇ ಕೊಟ್ಟೆನೆಂದು ಹೇಳಿದೆಯಲ್ಲ ಎಂದು ಕೇಳಿದೆವು.

“ಕೊಟ್ಟಿದ್ದೇನೆ ಮಿಸ್. ಫೋಲ್ಡರು ಅಲ್ಲೇ ಕಾಣಿಸುತ್ತಿದೆಯಲ್ಲ,” ಎಂದಳು.

ಕಾಣಿಸುತ್ತಿದ್ದುದು ನಿಜ. ‘ಕೊರಟಗೆರೆ’ ಎಂದು ಸ್ಪಷ್ಟವಾಗಿ ಪರದೆಯ ಮೇಲಿತ್ತು. ನಾವಾದರೋ, ಈಗ ತಾನೇ ಮಾಡಿಟ್ಟು ಮೊದಲೇ ಇತ್ತೆನ್ನುವೆಯಾ ಎಂದೆವು. ಮಧುಗಿರಿಯ ಮೂರು ಪುಟಗಳೂ ಪಾವಗಡದ ಒಂದು ಪುಟವೂ ಕಾಣೆಯಾಗಿದ್ದುದು ನಮ್ಮ ಕಣ್ಣೆದುರಿಗೇ ಇದ್ದಿತು. ಅವುಗಳನ್ನು ಬರೆದವರನ್ನು ನಾವು ಏನೂ ಕೇಳಲಿಲ್ಲ. ಅವಳು ಮತ್ತೆ ಮಾತನಾಡಲಿಲ್ಲ. ನೋಟುಪುಸ್ತಕವನ್ನು ತೆಗೆದು ನಡುವೆ ಗೆರೆಯೆಳೆದು, ಬಂದ ಪುಟಗಳ ಹೆಸರುಗಳನ್ನು ಒಂದು ಕಡೆಯೂ ಬಾರದವುಗಳನ್ನು ಇನ್ನೊಂದು ಕಡೆಯೂ ಬರೆಯತೊಡಗಿದಳು.

ಬಂದವುಗಳ ಕಡೆ: ಶಿರಾ ತಾಲ್ಲೂಕಿನ ಕಸಬಾ, ಬುಕ್ಕಾಪಟ್ಟಣ, ಕಳ್ಳಂಬೆಳ್ಳ, ಗೌಡಗೆರೆ, ಹುಲಿಕುಂಟೆ ಐದೂ, ಮಧುಗಿರಿಯ ಕಸಬಾ, ಪುರವರ, ಐ.ಡಿ.ಹಳ್ಳಿ, ಪಾವಗಡದ ಕಸಬಾ, ನಿಡಗಲ್, ನಾಗಲಮಡಿಕೆ. ಬಾರದವುಗಳ ಕಡೆ: ಮಧುಗಿರಿಯ ಮಿಡಿಗೇಶಿ, ದೊಡ್ಡೇರಿ, ಕೊಡಿಗೇನಹಳ್ಳಿ, ಪಾವಗಡದ ಹೊಸಕೋಟೆ, ಕೊರಟಗೆರೆಯ ಕಸಬಾ, ಕೋಳಾಲ, ಹೊಳವನಹಳ್ಳಿ, ಚನ್ನರಾಯನದುರ್ಗ. ಕಂಪ್ಯೂಟರು ಕಲಿಸುವ ಉಪಾಧ್ಯಾಯರು ಯಂತ್ರದೊಳಗೆ ಹುಡುಕುತ್ತಲೇ ಇದ್ದರು. ಆ ವೇಳೆಗೆ ಬಂದ ನಮ್ಮ ಕನ್ನಡ ಉಪಾಧ್ಯಾಯಿನಿಯವರು ನೋಟುಪುಸ್ತಕವನ್ನು ಎತ್ತಿಕೊಂಡು ಬಲಗಡೆಯ ಹೆಸರುಗಳನ್ನು ಗಟ್ಟಿಯಾಗಿ ಓದಿ, “ಇದೇನಮ್ಮ, ಒತ್ವ, ಎತ್ವದ ದೀರ್ಘ ಇರುವುವೆಲ್ಲ ಹೋಗಿವೆಯಲ್ಲ,” ಎಂದರು. ಕೊರಟಗೆರೆಯ ಕಸಬಾ, ಚನ್ನರಾಯನದುರ್ಗಗಳಲ್ಲಿ ಅವು ಇಲ್ಲವಲ್ಲ ಎಂದು ನಾವು ಆಕ್ಷೇಪಿಸಿದಾಗ ಆ ಬಾಲಿಕೆಯೇ ಉತ್ತರ ಹೇಳಿದಳು: ಅವು ಇರುವ ಮನೆಯ ಹೆಸರೇ ಕೊರಟಗೆರೆ, ಹೊರಬಾಗಿಲು ಸಿಕ್ಕದಿದ್ದರೆ ಒಳಕೋಣೆ ಸಿಕ್ಕುವುದು ಹೇಗೆ?

ಇನ್ನು ಕಾರಣವನ್ನು ವಿವರಿಸುವೆವು. ಕಂಪ್ಯೂಟರು ಅಕ್ಷರಗಳನ್ನು ಆಕಾರದಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುವುದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಏರ್ಪಾಟಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ನಮ್ಮ ಕೆಲವು ಸ್ವರಚಿಹ್ನೆಗಳನ್ನು ಎರಡು ವಿಧವಾಗಿ ಬರೆಯಬಹುದು. ಹಳೆಯ ಕಾಗುಣಿತದ ಹೆಸರುಗಳನ್ನೇ ಕೇಳಿ ನೋಡಿರಿ: ‘ಕಿ’ಗೆ ಗುಡಿಸು, ‘ಕೀ’ಗೆ ಗುಡಿಸಿನ ದೀರ್ಘ, ‘ಕೆ’ಗೆ ಎತ್ವ, ‘ಕೇ’ಗೆ ಎತ್ವದ ದೀರ್ಘ. ದೀರ್ಘವೆಂಬುದು ಬೇರೆಯಾಗಿ ಹಚ್ಚಿದ ಒಂದು ಗುರುತೆಂದು ನಮ್ಮ ಹಿರಿಯರ ಮಾತಿನಲ್ಲಿಯೇ ಇದೆ. ಯೂನಿಕೋಡಿನಲ್ಲಿಯೂ ಗುಡಿಸಿನ ದೀರ್ಘಕ್ಕೆ ಒಂದೇ ಸಂಖ್ಯೆಯುಂಟು. ಅಥವಾ ಗುಡಿಸಿಗೊಂದು ದೀರ್ಘಕ್ಕೊಂದು ಎಂದು ಎರಡು ಸಂಖ್ಯೆಗಳನ್ನೂ ಇಡಬಹುದು. ಎತ್ವದ ದೀರ್ಘಕ್ಕೂ ಹೀಗೆಯೇ. ಐತ್ವವು ಎತ್ವಕ್ಕೆ ಕೆಳಗಣ ಗುರುತನ್ನು ಸೇರಿಸಿದುದು. ಒತ್ವವು ಎತ್ವದ ಜೊತೆಗೆ ಕೊಂಬಿನ ಇಳಿ; ಇದಕ್ಕೆ ದೀರ್ಘವೂ ಸೇರಿದರೆ ಒತ್ವದ ದೀರ್ಘ, ಎಂದರೆ ಮೂರು ತುಂಡು. ಹೀಗೆ ಐದು ಚಿಹ್ನೆಗಳಿಗೆ ಕೂಡುರೂಪ, ಬಿಡಿರೂಪ ಎಂದು ಎರಡು ಬರೆವಣಿಗೆಗಳಿವೆ. ಕಣ್ಣಿಗೆ ಎರಡೂ ಒಂದೇ. ಹ್ರಸ್ವವಾದ ಎತ್ವಕ್ಕೂ ಔತ್ವಕ್ಕೂ ಈ ದ್ವಂದ್ವವಿಲ್ಲ. ಹುಲಿಕುಂಟೆಯೂ ಗೌಡಗೆರೆಯೂ ಪಾರಾದುದು ಇದರಿಂದಲೇ. ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲಿ ಈ ಬಲೆಗೆ ಬೀಳತಕ್ಕದ್ದು ಕೊರಟಗೆರೆಯೊಂದೇ.

ಬೆಂಗಳೂರಿನ ಆ ಹಳೆಯ ವಿದ್ಯಾರ್ಥಿನಿಯವರ ಕಂಪ್ಯೂಟರು ಹಳೆಯದೊಂದು ಮ್ಯಾಕ್. ೧೯೯೮ರಿಂದ ಮ್ಯಾಕುಗಳಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಫೈಲುಗಳ ಹೆಸರುಗಳನ್ನೆಲ್ಲ ಬಿಡಿರೂಪಕ್ಕೆ ತಿರುಗಿಸಿಯೇ ಇಟ್ಟುಕೊಳ್ಳುತ್ತದೆ. ೨೦೧೭ರಿಂದ ಅದರ ಸ್ಥಾನಕ್ಕೆ ಬಂದ ಹೊಸ ವ್ಯವಸ್ಥೆಯು ಕೊಟ್ಟ ರೂಪವನ್ನು ಹಾಗೆಯೇ ಇಟ್ಟುಕೊಂಡು, ಹುಡುಕುವಾಗ ಎರಡನ್ನೂ ಒಂದೇ ಎಂದು ಗ್ರಹಿಸುತ್ತದೆ. ಲಿನಕ್ಸಿಗೂ ವಿಂಡೋಸಿಗೂ ಈ ದಾಕ್ಷಿಣ್ಯವಿಲ್ಲ. ಸಂಖ್ಯೆಗಳು ಬೇರೆಯಾದರೆ ಹೆಸರು ಬೇರೆ. ನಾವು ಶಾಲೆಯಲ್ಲಿ ಬೆರಳಚ್ಚು ಮಾಡಿದ ಪಟ್ಟಿಯಲ್ಲಿ ‘ಕೊರಟಗೆರೆ’ ಎಂಬುದು ಎಂಟು ಸಂಖ್ಯೆಗಳ ಹೆಸರು. ಮ್ಯಾಕಿನಿಂದ ಬಂದ ಫೋಲ್ಡರಿನಲ್ಲಿ ಒಂಬತ್ತು. ಉಬುಂಟುವಿನಲ್ಲಿ ಕನ್ನಡದ ಪ್ರತಿಯೊಂದು ಸಂಖ್ಯೆಗೂ ಮೂರು ಬೈಟುಗಳು ಬೇಕಾಗುವುದರಿಂದ ಒಂದು ೨೪ ಬೈಟು, ಇನ್ನೊಂದು ೨೭. ಆ ಎರಡು ಅಂಕಿಗಳನ್ನು ಉಪಾಧ್ಯಾಯರು ಪರದೆಯ ಮೇಲೆ ತೋರಿಸಿದಾಗ ರಾತ್ರಿ ಎಂಟು ಗಂಟೆಯಾಗಿತ್ತು. ನಾವು ಆ ಬಾಲಿಕೆಯ ಕ್ಷಮೆಯನ್ನು ಅಲ್ಲಿಯೇ ಕೇಳಿದೆವು. ಬೈದುದು ತರಗತಿಯೆದುರಿಗಾದುದರಿಂದ ಮರುದಿನ ಬೆಳಿಗ್ಗೆ ತರಗತಿಯೆದುರಿಗೆ ಮತ್ತೊಮ್ಮೆ ಕೇಳಿದೆವು. ಅವಳು ತಲೆ ತಗ್ಗಿಸಿಕೊಂಡಿದ್ದು, “ಇರಲಿ ಮಿಸ್,” ಎಂದಳು.

ಆ ರಾತ್ರಿ ಫೋಲ್ಡರುಗಳ ಹೆಸರುಗಳನ್ನು ಒಂದೊಂದಾಗಿ ಮತ್ತೆ ಬೆರಳಚ್ಚು ಮಾಡಿ ೧೯ ಪುಟಗಳನ್ನೂ ಕಟ್ಟಿದೆವು. ಇದು ಶಾಶ್ವತವಾದ ಉಪಾಯವಲ್ಲವಷ್ಟೆ. ಪ್ರದರ್ಶನ ಮುಗಿದ ಮೇಲೆ ಮುಂದೇನು ಮಾಡಬೇಕೆಂಬ ಚರ್ಚೆ ನಡೆಯಿತು. ಎಲ್ಲ ಹೆಸರುಗಳನ್ನೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ತೆರಪಿಲ್ಲದೆ ಬರೆದು, ಊರಿನ ಕನ್ನಡ ಹೆಸರನ್ನು ಫೈಲಿನ ಒಳಗೆ ಮಾತ್ರ ಇಡಬೇಕೆಂದು ಕಂಪ್ಯೂಟರು ಉಪಾಧ್ಯಾಯರು ಸೂಚಿಸಿದರು. ಹಲವು ದೇಶಗಳವರು ಕೂಡಿ ಮಾಡುವ ದೊಡ್ಡ ತಂತ್ರಾಂಶಗಳಲ್ಲಿ ಇದೇ ರೂಢಿ, ಅದರಲ್ಲಿ ವಿವೇಕವೂ ಉಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಲಿನಕ್ಸಿನಲ್ಲಿ ಒಂದು ಹೆಸರಿಗೆ ೨೫೫ ಬೈಟುಗಳ ಮಿತಿಯಿರುವುದರಿಂದ ಇಂಗ್ಲಿಷಿಗೆ ೨೫೫ ಅಕ್ಷರಗಳ ಅವಕಾಶವಾದರೆ ಕನ್ನಡಕ್ಕೆ ೮೫ ಸಂಖ್ಯೆಗಳದು ಮಾತ್ರ. ಇದೂ ಅವರ ಪಕ್ಷದ ಮಾತೇ. ಆದರೆ ತಮ್ಮ ಊರಿನ ಹೆಸರನ್ನು ತಮ್ಮ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ತಪ್ಪೆಂದು ಹದಿನಾಲ್ಕು ವರ್ಷದ ಬಾಲಿಕೆಯರಿಗೆ ಕಲಿಸಲು ನಮ್ಮ ಮನಸ್ಸು ಒಪ್ಪಲಿಲ್ಲ. ತಪ್ಪು ಇದ್ದುದು ಹೆಸರಿನಲ್ಲಲ್ಲ, ಹೆಸರನ್ನು ಹೋಲಿಸಿ ನೋಡುವ ಕ್ರಮದಲ್ಲಿ.

ಆದಕಾರಣ ಗೀಟಿನ ವಿಷಯದಲ್ಲಿ ಕಲಿತುದನ್ನೇ ಅಕ್ಷರದ ವಿಷಯದಲ್ಲಿಯೂ ಅನುಸರಿಸಿದೆವು. ಈಗ ನಮ್ಮ ಸಾಧನವು ಯಾವುದೇ ಹೆಸರನ್ನು ಕಂಡೊಡನೆ, ಅದು ಪಟ್ಟಿಯಿಂದ ಬಂದಿರಲಿ, ಫೋಲ್ಡರಿನಿಂದ ಬಂದಿರಲಿ, ಮೊದಲು ಕೂಡುರೂಪಕ್ಕೆ ತಿರುಗಿಸಿಕೊಂಡು ಆಮೇಲೆ ಹೋಲಿಸುವುದು. ಪೈಥಾನಿನಲ್ಲಿ ಇದಕ್ಕೆ ಒಂದೇ ಆಜ್ಞೆ ಸಾಕು. ಫೈಲುಗಳ ಆವೃತ್ತಿಗಳನ್ನು ಕಾಪಾಡುವ ಗಿಟ್ ಎಂಬ ಸಾಧನದಲ್ಲಿಯೂ ಮ್ಯಾಕಿನ ಬಳಕೆದಾರರಿಗಾಗಿ ಇದೇ ಬಗೆಯ ಏರ್ಪಾಟನ್ನು ೨೦೧೨ರಲ್ಲಿ ಸೇರಿಸಿದ್ದಾರೆ. ನಮ್ಮ ಸಾಧನದಲ್ಲಿ ಆ ಮೂರು ಸಾಲುಗಳನ್ನು ಬರೆದವಳು ಕೊರಟಗೆರೆಯ ಬಾಲಿಕೆಯೇ. ಪರೀಕ್ಷೆಗಾಗಿ ಅವಳು ‘ಕೊರಟಗೆರೆ’ ಎಂಬ ಹೆಸರಿನ ಎರಡು ಫೋಲ್ಡರುಗಳನ್ನು ಒಂದರ ಪಕ್ಕದಲ್ಲೊಂದು ಮಾಡಿಟ್ಟಿರುವಳು. ನೋಡಿದವರು ಇದು ಹೇಗೆ ಸಾಧ್ಯವೆಂದು ಕೇಳದೆ ಹೋಗುವುದಿಲ್ಲ.

ಇನ್ನೂ ಬಗೆಹರಿಯದ ಒಂದು ಭಾಗವಿದೆ. ಚನ್ನರಾಯನದುರ್ಗದ ಕೊನೆಯ ಅಕ್ಷರದಲ್ಲಿರುವ ರಕಾರವನ್ನು ಅರ್ಕಾವತ್ತಾಗಿ ಬರೆಯಬಹುದು. ಅಥವಾ ರಕಾರವನ್ನು ಮೇಲಿಟ್ಟು ಗಕಾರವನ್ನು ಒತ್ತಾಗಿಯೂ ಬರೆಯಬಹುದು. ಎರಡನೆಯದನ್ನು ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಖ್ಯೆಯನ್ನು ಸೇರಿಸಬೇಕಾಗುವುದು. ನಿಡಗಲ್ ಎಂಬುದರ ಕೊನೆಯಲ್ಲಿಯೂ ಇಂತಹದೇ ಇನ್ನೊಂದು ಕಾಣದ ಸಂಖ್ಯೆಯನ್ನು ಕೆಲವರು ತಿಳಿಯದೆ ಸೇರಿಸಿಬಿಡುವರು. ಕೂಡುರೂಪಕ್ಕೆ ತಿರುಗಿಸುವ ಆಜ್ಞೆಯು ಇವುಗಳನ್ನು ಮುಟ್ಟುವುದಿಲ್ಲ. ಸುಮ್ಮನೆ ಕಿತ್ತುಹಾಕೋಣವೆಂದರೆ, ಅರ್ಥಕ್ಕೆ ಅವು ಬೇಕಾಗುವ ಸಂದರ್ಭಗಳೂ ಇರಬಹುದೆಂದು ಕನ್ನಡ ಉಪಾಧ್ಯಾಯಿನಿಯವರು ತಡೆದಿದ್ದಾರೆ. ಯಾವ ಹೆಸರುಗಳಲ್ಲಿ ಕಿತ್ತರೆ ಬಾಧಕವಿಲ್ಲ, ಯಾವುದರಲ್ಲಿ ಉಂಟು ಎಂಬ ಪಟ್ಟಿಯನ್ನು ನಾಲ್ಕು ತಾಲ್ಲೂಕುಗಳ ಹಳ್ಳಿಗಳ ಹೆಸರುಗಳನ್ನೆಲ್ಲ ಹಿಡಿದು ಮಾಡುವ ಕೆಲಸವನ್ನು ಈ ವರ್ಷದ ಒಂಬತ್ತನೆಯ ತರಗತಿಯವರಿಗೆ ಒಪ್ಪಿಸಿದೆ. ಶಿರಾ ತಾಲ್ಲೂಕಿನವರು ಆರಂಭಿಸಿದ್ದಾರೆ.